ರಾಮನಗರದ ಮಣಿಸರ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ, ಅರ್ಕಾವತಿಯ ದಡದಲ್ಲಿ, ಹೆಬ್ಬಂಡೆಗಳ ಬೆಟ್ಟಸಾಲನ್ನು ಬೆನ್ನಿಗಿಟ್ಟುಕೊಂಡು ಕುಳಿತಿರುವ ರಾಮನಗರವನ್ನು ಈಗಿನ ಜನ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಬಲ್ಲರು. ಹಿಂದಿನವರು ಕ್ಲೋಸ್‌ಪೇಟೆಯೆಂಬ ಹಳೆಯ ಹೆಸರಿನಿಂದ ಬಲ್ಲವರಾಗಿದ್ದರು. ಆದರೆ ಸ್ವಾತಂತ್ರ್ಯ ಬಂದ ಐದಾರು ವರ್ಷಗಳೊಳಗಾಗಿ ಈ ಸಣ್ಣ ಊರು, ಲೋಕಹಿತವನ್ನೇ ಚಿಂತಿಸಿದ ಸಜ್ಜನರು ನೂರೈವತ್ತು ವರ್ಷ ವಾದಿಸಿಯೂ ಒಮ್ಮತಕ್ಕೆ ಬಾರದಿದ್ದ ಒಂದು ಮಹಾಪ್ರಶ್ನೆಗೆ ಪ್ರಯೋಗಭೂಮಿಯಾಗಿದ್ದಿತೆಂಬುದು ಹೆಚ್ಚು ಜನರ ನೆನಪಿನಲ್ಲಿ ಉಳಿದಂತಿಲ್ಲ.

1952ರ ಸುಮಾರಿಗೆ ಭಾರತ ಸರ್ಕಾರವು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಎರಡು ಸ್ಥಳಗಳಲ್ಲಿ ಒಂದು ಪರೀಕ್ಷೆಯನ್ನು ನಡೆಸಿತು. ಒಂದು ಸ್ಥಳ ಸರ್ಕಾರಿ ನೌಕರರ ಬಿಡಾರವಾದ ದೆಹಲಿಯ ಲೋದಿ ಕಾಲೊನಿ. ಇನ್ನೊಂದು ನಮ್ಮ ರಾಮನಗರ. ತಿಂಗಳಿನಲ್ಲಿ ಗರ್ಭ ನಿಲ್ಲಬಹುದಾದ ದಿನಗಳಾವುವು, ನಿಲ್ಲದ ದಿನಗಳಾವುವು ಎಂಬುದನ್ನು ಹೆಂಗಸರಿಗೆ ತಿಳಿಸಿ, ನಿಲ್ಲಬಹುದಾದ ದಿನಗಳಲ್ಲಿ ದಂಪತಿಗಳು ದೂರವಿರುವಂತೆ ಹೇಳಿಕೊಡುವುದೇ ಆ ಪರೀಕ್ಷೆಯ ಉದ್ದೇಶ. ಅಕ್ಷರ ಬಾರದ, ಪಂಚಾಂಗ ನೋಡಲರಿಯದ ತಾಯಂದಿರು ದಿನ ಎಣಿಸುವುದು ಹೇಗೆ? ಅದಕ್ಕಾಗಿ ಬಣ್ಣಬಣ್ಣದ ಮಣಿಗಳ ಒಂದು ಸರವನ್ನು ಕಲ್ಪಿಸಿದರು. ದಿನಕ್ಕೊಂದು ಮಣಿಯನ್ನು ಸರಿಸುತ್ತ ಬರಬೇಕು. ಒಂದು ಬಣ್ಣದ ಮಣಿ ಬಂದ ದಿನ ಭಯವಿಲ್ಲ, ಇನ್ನೊಂದು ಬಣ್ಣದ ಮಣಿ ಬಂದ ದಿನ ಎಚ್ಚರಿಕೆ. ಜಪಮಾಲೆ ಎಣಿಸಿ ರೂಢಿಯಿರುವ ನಾಡಿನಲ್ಲಿ ಇದು ಸುಲಭವಾಗಿ ನಡೆದೀತೆಂದು ಅವರು ಎಣಿಸಿದ್ದರೆ ಆಶ್ಚರ್ಯವಿಲ್ಲ.

ಸಂತಾನವನ್ನು ತಡೆಯುವ ಬೇರೆ ಸಾಧನಗಳು ಆಗಲೇ ಪಟ್ಟಣಗಳ ಅಂಗಡಿಗಳಲ್ಲಿ ದೊರೆಯುತ್ತಿರುವಾಗ, ಅವುಗಳನ್ನೆಲ್ಲ ಬದಿಗಿಟ್ಟು ಸರ್ಕಾರ ಈ ಮಣಿಸರವನ್ನೇ ಏಕೆ ಹಿಡಿಯಿತೆಂಬುದು ಸಹಜವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಹೊರಟರೆ ರಾಮನಗರದಿಂದ ವಾರ್ಧಾಕ್ಕೆ, ವಾರ್ಧಾದಿಂದ ಲಂಡನ್ನಿಗೆ, ಲಂಡನ್ನಿನಿಂದ ಕ್ರಾಂತಿಕಾಲದ ಪ್ಯಾರಿಸಿಗೆ ಹೋಗಬೇಕಾಗುತ್ತದೆ. ಆ ದಾರಿಯುದ್ದಕ್ಕೂ ನಮಗೆ ಎದುರಾಗುವವರು ದುರ್ಜನರಲ್ಲ; ಪರರ ದುಃಖವನ್ನು ತಮ್ಮ ದುಃಖವೆಂದು ಭಾವಿಸಿದವರೇ. ಲೋಕದಲ್ಲಿ ಎಷ್ಟು ಜನರಿದ್ದರೆ ಚೆನ್ನು, ಇನ್ನೂ ಹುಟ್ಟದವರಿಗೆ ಹುಟ್ಟಿರುವ ನಾವು ಸಲ್ಲಿಸಬೇಕಾದ ಋಣ ಯಾವುದು ಎಂಬ ವಿಷಯದಲ್ಲಿ ಮಾತ್ರ ಅವರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಸೇರಲಿಲ್ಲ.

ನಮ್ಮ ಹಿರಿಯರಿಗೆ ಈ ಪ್ರಶ್ನೆ ಪ್ರಶ್ನೆಯಾಗಿ ತೋರಿದ್ದೇ ಕಡಿಮೆ. ಮದುವೆಯ ಮಂತ್ರದಲ್ಲಿ ಹತ್ತು ಮಕ್ಕಳನ್ನು ಬೇಡುವುದು, ಕಾಲಿಗೆರಗಿದ ಸೊಸೆಯನ್ನು ಅಷ್ಟಪುತ್ರವತಿಯಾಗೆಂದು ಹರಸುವುದು, ಬಂಜೆಯೆಂಬ ಮಾತನ್ನು ಬೈಗುಳವಾಗಿ ಬಳಸುವುದು, ಇವೆಲ್ಲ ಸಂತಾನಸಮೃದ್ಧಿಯನ್ನೇ ಶ್ರೇಯಸ್ಸೆಂದು ತಿಳಿದ ಸಮಾಜದ ಲಕ್ಷಣಗಳು. ಅಷ್ಟು ಬಾಯಿಗಳಿಗೆ ಅನ್ನವೆಲ್ಲಿಂದ ಬಂದೀತೆಂದು ಕೇಳಿದವರಿಗೆ, ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ ಎಂಬ ಗಾದೆ ಸಿದ್ಧವಾಗಿರುತ್ತಿದ್ದಿತು. ಇದನ್ನು ಮೌಢ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹೆತ್ತ ಮಕ್ಕಳಲ್ಲಿ ಅರೆಪಾಲನ್ನು ಮಣ್ಣಿಗೆ ಒಪ್ಪಿಸುವುದು ಸಾಮಾನ್ಯವಾಗಿದ್ದ ಕಾಲದಲ್ಲಿ, ಎಂಟು ಹೆತ್ತರೆ ಮುಪ್ಪಿನಲ್ಲಿ ಹಿಡಿಯಲು ಎರಡು ಕೈ ಉಳಿದಾವೆಂಬುದು ಅನುಭವದ ಲೆಕ್ಕವಾಗಿತ್ತು. ರಾಮನಗರದ ಸುತ್ತಿನ ಹಳ್ಳಿಗಳಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯಲು, ಹೊತ್ತುಹೊತ್ತಿಗೆ ರೇಷ್ಮೆಹುಳುವಿಗೆ ಮೇವು ಹಾಕಲು, ಹಣ್ಣಾದ ಹುಳುಗಳನ್ನು ಆಯ್ದು ಗೂಡು ಕಟ್ಟಿಸುವ ಚಂದ್ರಂಕಿಗೆ ಬಿಡಲು ಮನೆಯ ಎಷ್ಟು ಕೈಗಳಿದ್ದರೂ ಸಾಲದು. ಅಲ್ಲಿ ಮಗುವೆಂದರೆ ಉಣ್ಣುವ ಬಾಯಿ ಮಾತ್ರವಲ್ಲ, ದುಡಿಯುವ ಕೈಯೂ ಹೌದು.

ಈ ಪ್ರಶ್ನೆಗೆ ಹೊಸಕಾಲದ ರೂಪ ಬಂದುದು ಫ್ರಾನ್ಸಿನಲ್ಲಿ. ಕೊಂಡೋರ್ಸೆ ಎಂಬ ಗಣಿತಜ್ಞನು, ಕ್ರಾಂತಿಯ ಉಗ್ರಗಾಮಿಗಳಿಗೆ ಹೆದರಿ ಅಡಗಿದ್ದ 1793-94ರ ತಿಂಗಳುಗಳಲ್ಲಿ, ಮಾನವಬುದ್ಧಿಯ ಪ್ರಗತಿಯನ್ನು ಕುರಿತು ಒಂದು ಗ್ರಂಥವನ್ನು ಬರೆದನು. ಹುಟ್ಟಲಿರುವವರ ವಿಷಯದಲ್ಲಿ ನಮ್ಮ ಕರ್ತವ್ಯ ಅವರಿಗೆ ಅಸ್ತಿತ್ವವನ್ನು ಕೊಡುವುದಲ್ಲ, ಸುಖವನ್ನು ಕೊಡುವುದು ಎಂಬ ಅರಿವು ಮುಂದೊಂದು ದಿನ ಮನುಷ್ಯನಿಗೆ ಉಂಟಾಗುವುದೆಂದು ಅದರಲ್ಲಿ ಅವನು ಪ್ರತಿಪಾದಿಸಿದನು. ಸಿಕ್ಕಿಬಿದ್ದು ಸೆರೆಮನೆಯಲ್ಲಿ ಪ್ರಾಣಬಿಟ್ಟ ಅವನ ಈ ಆಶಾವಾದಕ್ಕೆ ಉತ್ತರವಾಗಿ, 1798ರಲ್ಲಿ, ಇಂಗ್ಲೆಂಡಿನ ಪಾದ್ರಿ ಥಾಮಸ್ ಮಾಲ್ಥಸ್ ತನ್ನ ಪ್ರಸಿದ್ಧ ಪ್ರಬಂಧವನ್ನು ಹೆಸರು ಹಾಕದೆ ಪ್ರಕಟಿಸಿದನು. ಜನ ಗುಣಾಕಾರದಿಂದ ಬೆಳೆಯುವರು, ಅನ್ನ ಸಂಕಲನದಿಂದ ಬೆಳೆಯುವುದು, ಇವೆರಡರ ಅಂತರವನ್ನು ಹಸಿವು, ರೋಗ, ಯುದ್ಧಗಳು ಮುಚ್ಚುವುವು ಎಂಬುದು ಅದರ ಸಾರ. 1803ರ ಪರಿಷ್ಕೃತ ಮುದ್ರಣದಲ್ಲಿ ಅವನು ಒಂದು ಪರಿಹಾರವನ್ನೂ ಸೂಚಿಸಿದನು: ತಡವಾಗಿ ಮದುವೆಯಾಗುವುದು, ಅಲ್ಲಿಯತನಕ ಇಂದ್ರಿಯನಿಗ್ರಹದಿಂದಿರುವುದು. ಕೃತಕಸಾಧನಗಳನ್ನು ಅವನು ಒಪ್ಪಲಿಲ್ಲ. ಅವನ ಹೆಸರನ್ನು ಹೊತ್ತು ನಡೆದ ಮುಂದಿನ ಚಳುವಳಿಗಾರರು ಅವನು ನಿಷೇಧಿಸಿದ್ದನ್ನೇ ಬೋಧಿಸಿದರೆಂಬುದು ಚರಿತ್ರೆಯ ಒಂದು ವಿಚಿತ್ರ.

ಆ ಮುಂದಿನವರಲ್ಲಿ ಜಾನ್ ಸ್ಟುಅರ್ಟ್ ಮಿಲ್ ಒಬ್ಬನು. ಹದಿನೇಳರ ಹರೆಯದಲ್ಲಿ, ಬಡ ದಂಪತಿಗಳಿಗೆ ಸಂತಾನನಿರೋಧವನ್ನು ತಿಳಿಸುವ ಕರಪತ್ರಗಳನ್ನು ಹಂಚಿದ ತಪ್ಪಿಗೆ ಅವನು ಬಂಧನಕ್ಕೊಳಗಾದನು. ಮಗುವೊಂದನ್ನು ಲೋಕಕ್ಕೆ ತರುವುದು ಮನುಷ್ಯನ ಅತ್ಯಂತ ಹೊಣೆಗಾರಿಕೆಯ ಕಾರ್ಯಗಳಲ್ಲಿ ಒಂದೆಂದು ಅವನು ಕೊನೆಯವರೆಗೂ ನಂಬಿದ್ದನು. ಆದರೆ ಸುಖವನ್ನು ಹೆಚ್ಚಿಸುವುದೇ ಧರ್ಮವೆನ್ನುವ, ಮಿಲ್ಲನದೇ ಆದ ಸುಖವಾದದ ಪರಂಪರೆಗೆ ಸೇರಿದ ಹೆನ್ರಿ ಸಿಜ್ವಿಕ್, 1874ರಲ್ಲಿ, ಬೇರೆಯೇ ಒಂದು ಸೂಕ್ಷ್ಮವನ್ನು ಎತ್ತಿದನು. ಸುಖವೇ ಶ್ರೇಯಸ್ಸಾದಲ್ಲಿ ನಾವು ಹೆಚ್ಚಿಸಬೇಕಾದದ್ದು ತಲಾ ಸುಖವನ್ನೋ, ಒಟ್ಟು ಸುಖವನ್ನೋ? ಒಬ್ಬೊಬ್ಬರ ಪಾಲು ಕೊಂಚ ತಗ್ಗಿದರೂ ಉಣ್ಣುವವರ ಸಂಖ್ಯೆ ಹೆಚ್ಚಿದರೆ ಒಟ್ಟು ಮೊತ್ತ ಹೆಚ್ಚಬಹುದಷ್ಟೆ. ಹಾಗಾದರೆ ತಲಾ ಪಾಲು ಅತ್ಯಧಿಕವಾಗಿರುವ ಹಂತವನ್ನು ದಾಟಿಯೂ ಜನಸಂಖ್ಯೆ ಬೆಳೆಯುವುದೇ ಯುಕ್ತವೆಂದು ಅವನ ತರ್ಕ ಹೇಳಿತು.

ಕೇಂಬ್ರಿಜ್ಜಿನ ಪಂಡಿತನು ಹೀಗೆ ಕಾಗದದ ಮೇಲೆ ಬರೆದ ಎರಡು ವರ್ಷಗಳಲ್ಲಿ, ಆ ಲೆಕ್ಕದ ಘೋರರೂಪವನ್ನು ಕನ್ನಡನಾಡು ಕಣ್ಣಾರೆ ಕಂಡಿತು. ಧಾತು ಮತ್ತು ಈಶ್ವರ ಸಂವತ್ಸರಗಳ ಬರವೆಂದು ನಮ್ಮವರು ಕರೆಯುವ 1876-78ರ ಆ ಮಹಾಕ್ಷಾಮ ನಡೆದಾಗ ಮೈಸೂರು ಇನ್ನೂ ಬ್ರಿಟಿಷ್ ಕಮಿಷನರ ಆಳ್ವಿಕೆಯಲ್ಲಿತ್ತು. ಆಗಿನ ಅಧಿಕಾರಿವರ್ಗದ ಮೇಲೆ ಮಾಲ್ಥಸನ ನೆರಳು ದಟ್ಟವಾಗಿತ್ತು. ಅವನು 1805ರಿಂದ 1834ರಲ್ಲಿ ತೀರಿಕೊಳ್ಳುವವರೆಗೂ ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅಧ್ಯಾಪಕನಾಗಿದ್ದುದರಿಂದ, ಇಂಡಿಯಾಕ್ಕೆ ಬರುವ ತರುಣರಿಗೆ ಜನಸಂಖ್ಯೆಯ ಆ ಸೂತ್ರ ಪಾಠವೇ ಆಗಿಹೋಗಿತ್ತು. ಈ ದೇಶದ ಜನ ಭೂಮಿ ಕೊಡುವ ಅನ್ನಕ್ಕಿಂತ ವೇಗವಾಗಿ ಹೆಚ್ಚುವ ಸ್ವಭಾವದವರೆಂಬ ಭಾವನೆಯನ್ನು ವೈಸರಾಯ್ ಲಿಟ್ಟನ್ನನೇ 1877ರಲ್ಲಿ ಶಾಸನಸಭೆಯಲ್ಲಿ ಆಡಿದನು. ಅವನ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್, ಬರಪರಿಹಾರದ ಕಾಮಗಾರಿಗೆ ಕೂಲಿಗೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಸಾಕೆಂದನು; ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್, ದುಡಿಯುವ ದೇಹ ಇಷ್ಟರಿಂದ ಉಳಿಯದೆಂದು ಬಲವಾಗಿ ಪ್ರತಿಭಟಿಸಿದನು. ಮೂರೇ ವರ್ಷಗಳ ಹಿಂದೆ, 1874ರ ಬಿಹಾರದ ಬರದಲ್ಲಿ, ಬರ್ಮಾದಿಂದ ಅಕ್ಕಿ ತರಿಸಿ ಜನರನ್ನು ಉಳಿಸಿದವನು ಇದೇ ಟೆಂಪಲ್. ಆಗ ಹಣ ಪೋಲು ಮಾಡಿದನೆಂಬ ನಿಂದೆ ಹೊತ್ತವನು ಈಗ ಕೈ ಬಿಗಿಹಿಡಿದನು. ಮೈಸೂರು ಸೀಮೆಯ ಜನಸಂಖ್ಯೆ 1871ರ ಗಣತಿಯಲ್ಲಿ 50,55,412 ಇದ್ದದ್ದು 1881ರಲ್ಲಿ 41,86,188ಕ್ಕೆ ಇಳಿದಿತ್ತು.

ಆ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಯಾರಿಗಾದರೂ ಒಂದು ವಿಚಾರ ಹೊಳೆಯದಿರದು. ಬರ ಕಳೆದ ಮೇಲೆ ಉಳಿದವರ ತಲಾ ಪಾಲಿಗೆ ಬಂದ ನೆಲ ಹೆಚ್ಚಾಗಿತ್ತು, ಕೆರೆಯ ನೀರು ಹೆಚ್ಚಾಗಿತ್ತು, ಕೂಲಿಯಾಳಿಗೆ ಬೇಡಿಕೆ ಹೆಚ್ಚಾಗಿತ್ತು. ತಲಾ ಲೆಕ್ಕವೊಂದನ್ನೇ ಧರ್ಮದ ಅಳತೆಗೋಲೆಂದು ಹಿಡಿದವನು, ಒಂದು ಕಾಲಕ್ಕೆ, ಈ ಮಹಾಕ್ಷಾಮದ ತರುವಾಯದ ನಾಡನ್ನು ಮುಂಚಿನದಕ್ಕಿಂತ ಮೇಲೆಂದು ಬರೆಯಬೇಕಾಗುತ್ತದೆ. ಹಸಿದವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದರೂ ಸರಾಸರಿ ಏರುತ್ತದೆ, ಹಸಿದವರಿಗೆ ಅನ್ನವಿಟ್ಟರೂ ಸರಾಸರಿ ಏರುತ್ತದೆ. ಇವೆರಡರ ಅಂತರವನ್ನು ಕಾಣಲಾರದ ಲೆಕ್ಕ ಎಷ್ಟು ಶುದ್ಧವಾದ ಗಣಿತವಾಗಿದ್ದರೂ ಧರ್ಮವೆನಿಸಿಕೊಳ್ಳಲಾರದು.

ಅದೇ 1877ರಲ್ಲಿ, ಲಂಡನ್ನಿನ ನ್ಯಾಯಾಲಯದಲ್ಲಿ, ನಮ್ಮವರಿಗೆ ಮುಂದೆ ಚಿರಪರಿಚಿತೆಯಾಗಲಿದ್ದ ಆನಿ ಬೆಸಂಟರು ಚಾರ್ಲ್ಸ್ ಬ್ರಾಡ್ಲಾ ಅವರೊಡನೆ ಆರೋಪಿಯಾಗಿ ನಿಂತಿದ್ದರು. ಗರ್ಭನಿರೋಧವನ್ನು ವಿವರಿಸುವ ಹಳೆಯ ಪುಸ್ತಿಕೆಯೊಂದನ್ನು ಮರುಮುದ್ರಿಸಿದ್ದು ಅಪರಾಧ. ಹೆತ್ತು ಹೆತ್ತು ನವೆದುಹೋದ ಕೂಲಿಗಾರರ ಹೆಂಡಿರ ಪರವಾಗಿ ವಾದಿಸಿದ ಆಕೆ, ಅದರ ಫಲವಾಗಿ ತಮ್ಮ ಸ್ವಂತ ಮಗಳ ಪಾಲನೆಯ ಹಕ್ಕನ್ನೇ ಕಳೆದುಕೊಂಡರು. ಇಷ್ಟು ಬೆಲೆ ತೆತ್ತು ಕೊಂಡ ಅಭಿಪ್ರಾಯವನ್ನು, ಥಿಯಾಸಫಿಯನ್ನು ಸೇರಿದ ಮೇಲೆ, 1891ರಲ್ಲಿ ತಾವೇ ಕೈಬಿಟ್ಟು, ಆ ವಿಷಯವಾಗಿ ತಾವು ಬರೆದಿದ್ದ ಪುಸ್ತಿಕೆಯ ಮಾರಾಟವನ್ನು ನಿಲ್ಲಿಸಿಬಿಟ್ಟರು. ಮನುಷ್ಯನು ಮುಖ್ಯವಾಗಿ ಆತ್ಮವಾಗಿರುವುದರಿಂದ ಅವನಿಗೆ ಉಚಿತವಾದ ಮಾರ್ಗ ಸಂಯಮವೆಂಬುದು ಅವರ ಹೊಸ ದರ್ಶನವಾಯಿತು. ಎರಡು ಕಾಲದಲ್ಲಿಯೂ ಅವರ ಕರುಣೆ ಒಂದೇ ಆಗಿತ್ತು. ಮನುಷ್ಯನೆಂದರೆ ಯಾರೆಂಬ ತಿಳಿವಳಿಕೆ ಬದಲಾಗಿತ್ತು. ಜನಸಂಖ್ಯೆಯ ವಿಷಯದಲ್ಲಿ ಸಜ್ಜನರು ಭಿನ್ನರಾಗುವುದು ಬಹುಮಟ್ಟಿಗೆ ಇದೇ ಸ್ಥಳದಲ್ಲಿ.

ಇಂಡಿಯಾದಲ್ಲಿ ಈ ಚರ್ಚೆ ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಕಾವೇರಿತು. ಮಹರ್ಷಿ ಧೋಂಡೊ ಕೇಶವ ಕರ್ವೆಯವರ ಮಗ ರಘುನಾಥ ಕರ್ವೆ, 1921ರಲ್ಲಿ ಮುಂಬಯಿಯಲ್ಲಿ ಸಂತಾನನಿಯಂತ್ರಣದ ಕೇಂದ್ರವನ್ನು ನಡೆಸತೊಡಗಿದರು; ಅಧ್ಯಾಪಕ ವೃತ್ತಿಯನ್ನು ಕಳೆದುಕೊಂಡರೂ ಆ ಕೆಲಸವನ್ನು ಬಿಡಲಿಲ್ಲ. 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ, ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಇಂಥ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಸರ್ಕಾರವೊಂದು ತಾನಾಗಿ ತೆರೆದ ಇಂಥ ಕೇಂದ್ರಗಳಲ್ಲಿ ಜಗತ್ತಿನಲ್ಲಿಯೇ ಇವು ಮೊದಲನೆಯವೆಂದು ಚರಿತ್ರಕಾರರು ಹೇಳುವುದುಂಟು. 1938ರಲ್ಲಿ ಅಂಬೇಡ್ಕರರ ಪರವಾಗಿ ಮುಂಬಯಿ ಶಾಸನಸಭೆಯಲ್ಲಿ ಮಂಡಿತವಾದ ಸಂತಾನನಿಯಂತ್ರಣದ ನಿರ್ಣಯ ಬಿದ್ದುಹೋಯಿತು. ಪೆರಿಯಾರ್ ರಾಮಸ್ವಾಮಿಯವರಾದರೋ ದೇಶದ ಬಡತನದ ಮಾತನ್ನು ಹಿಂದಕ್ಕಿಟ್ಟು, ಹೆಣ್ಣಿನ ಬಿಡುಗಡೆಗಾಗಿಯೇ ಇದು ಬೇಕೆಂದರು. ಇವರೆಲ್ಲರೊಂದಿಗೆ, ಯೋಗ್ಯರ ಸಂತತಿ ಬೆಳೆಯಲಿ, ಅಯೋಗ್ಯರದು ಅಡಗಲಿ ಎನ್ನುವ ಕುಲಸುಧಾರಕರೂ ಅದೇ ವೇದಿಕೆಯನ್ನೇರಿದರೆಂಬುದನ್ನು ಮರೆಮಾಚಬಾರದು. ಸದುದ್ದೇಶದ ಚಳುವಳಿಗೆ ಅಂಟಿದ ಆ ಕಲೆ ಮುಂದೆ ಬಹುಕಾಲ ಹೋಗಲಿಲ್ಲ.

1935ರ ಡಿಸೆಂಬರ್ ತಿಂಗಳಿನ ಮೊದಲ ವಾರದಲ್ಲಿ ಅಮೆರಿಕದ ಸಂತಾನನಿಯಂತ್ರಣ ಚಳುವಳಿಯ ಮಾರ್ಗರೆಟ್ ಸ್ಯಾಂಗರ್ ಗಾಂಧೀಜಿಯವರನ್ನು ಕಾಣಲು ವಾರ್ಧಾಕ್ಕೆ ಬಂದರು. ಆಕೆ ಬಂದ ದಿನ ಸೋಮವಾರ, ಗಾಂಧೀಜಿಯವರ ಮೌನದಿನ. ಸಂವಾದಕ್ಕೆ ಮಾರನೆಯ ದಿನದವರೆಗೆ ಕಾಯಬೇಕಾಯಿತು. ನ್ಯೂಯಾರ್ಕಿನ ಬಡಕೇರಿಗಳಲ್ಲಿ ದಾದಿಯಾಗಿ ದುಡಿದು, ಬಸುರು ಕಳೆದುಕೊಳ್ಳಹೋಗಿ ಸತ್ತ ಹೆಂಗಸರನ್ನು ಕಂಡಿದ್ದ ಆಕೆ, ಗಾಂಧೀಜಿಯವರ ಒಂದು ಮಾತು ದೊರೆತರೆ ಕೋಟ್ಯಂತರ ತಾಯಂದಿರ ಬಾಳು ಹಸನಾದೀತೆಂಬ ಆಸೆ ಹೊತ್ತು ಬಂದಿದ್ದರು. ಸಂತತಿ ಮಿತವಾಗಿರಬೇಕೆಂಬುದನ್ನು ಗಾಂಧೀಜಿ ಹತ್ತು ವರ್ಷಗಳ ಹಿಂದೆಯೇ ಒಪ್ಪಿ ಬರೆದಿದ್ದರು, ಭೇದವಿದ್ದದ್ದು ಸಾಧನದಲ್ಲಿ. ಕೃತಕೋಪಾಯ ಗಂಡಸಿನ ಕಾಮಕ್ಕೆ ರಹದಾರಿಯಾಗುವುದು, ಹೆಂಗಸು ಗಂಡನಿಗೆ ಒಲ್ಲೆನೆನ್ನುವುದನ್ನು ಕಲಿಯಬೇಕು ಎಂಬುದು ಅವರ ನಿಲುವು. ಒಲ್ಲೆನೆಂದ ಹೆಂಡತಿಯ ಗತಿ ಏನಾಗುವುದೆಂದು ಬಲ್ಲ ಸ್ಯಾಂಗರ್, ಸತಿಪತಿಗಳ ಪ್ರೇಮದಲ್ಲಿ ದೇಹಕ್ಕೂ ಪವಿತ್ರವಾದ ಸ್ಥಾನವುಂಟೆಂದು ವಾದಿಸಿದರು. ಒಬ್ಬರು ಹೆಣ್ಣಿಗೆ ಆತ್ಮಬಲವನ್ನು ಕೊಡಹೊರಟರು, ಇನ್ನೊಬ್ಬರು ಉಪಕರಣವನ್ನು; ಇಬ್ಬರೂ ಕೊಡಬಯಸಿದ್ದು ಹೆಣ್ಣಿಗೇ. ಮಾತಿನ ಕೊನೆಯಲ್ಲಿ ಗಾಂಧೀಜಿ ಒಂದೇ ಒಂದು ಎಡೆಯನ್ನು ಬಿಟ್ಟರು: ಗರ್ಭ ನಿಲ್ಲದ ದಿನಗಳನ್ನು ನೋಡಿಕೊಂಡು ನಡೆಯುವ ಕ್ರಮದಲ್ಲಿ, ಉಳಿದ ದಿನಗಳ ಮಟ್ಟಿಗಾದರೂ ಸಂಯಮವಿರುವುದರಿಂದ, ಅದು ತಮಗೆ ಅಷ್ಟು ಅಸಹ್ಯವಲ್ಲವೆಂದರು.

ಈ ಒಂದು ಎಡೆಯೇ ರಾಮನಗರದ ಮಣಿಸರವಾಗಿ ಹೊರಬಂದಿತು. ಸ್ವತಂತ್ರ ಭಾರತದ ಮೊದಲ ಆರೋಗ್ಯಸಚಿವೆ ರಾಜಕುಮಾರಿ ಅಮೃತ ಕೌರ್ ಬಹುವರ್ಷ ಗಾಂಧೀಜಿಯವರ ಸನ್ನಿಧಿಯಲ್ಲಿ ಕಾರ್ಯದರ್ಶಿಯಾಗಿ ದುಡಿದವರು. ಕೃತಕಸಾಧನಗಳಿಗೆ ಅವರ ಅಂತಃಕರಣ ಒಪ್ಪಲಿಲ್ಲ. ಅತ್ತ 1951ರ ಗಣತಿ ದೇಶದಲ್ಲಿ 36 ಕೋಟಿ ಜನರನ್ನು ಎಣಿಸಿತ್ತು. ಮೊದಲ ಪಂಚವಾರ್ಷಿಕ ಯೋಜನೆ ಕುಟುಂಬಯೋಜನೆಗಾಗಿ 65 ಲಕ್ಷ ರೂಪಾಯಿಗಳನ್ನು ತೆಗೆದಿರಿಸಿತ್ತು. ಕರ್ತವ್ಯಕ್ಕೂ ಗುರುವಾಕ್ಯಕ್ಕೂ ವಿರೋಧ ಬಾರದ ಮಾರ್ಗವೊಂದನ್ನು ಸಚಿವೆ ಹುಡುಕಿದರು. ಅವರ ಆಹ್ವಾನದ ಮೇರೆಗೆ ವಿಶ್ವ ಆರೋಗ್ಯ ಸಂಸ್ಥೆ ನ್ಯೂಯಾರ್ಕಿನ ವೈದ್ಯ ಅಬ್ರಹಾಂ ಸ್ಟೋನರನ್ನು ದಿನ ಎಣಿಸುವ ಕ್ರಮದ ಪರೀಕ್ಷೆಗಾಗಿ ಕಳುಹಿಸಿತು.

ರಾಮನಗರದ ಹೆಂಗಸರು ಮುಖ ತಿರುಗಿಸಲಿಲ್ಲ. ಕಲಿಯಲು ಇಷ್ಟವಿದೆಯೆಂದವರು ಬಹಳ ಮಂದಿ. ಅದೇ ಕಾಲದಲ್ಲಿ ವಿಶ್ವಸಂಸ್ಥೆಯೊಡಗೂಡಿ ಮೈಸೂರು ಸೀಮೆಯಲ್ಲಿ ನಡೆದ ಜನಸಂಖ್ಯಾ ಸಮೀಕ್ಷೆಯಲ್ಲಿಯೂ, ಮೂರು ನಾಲ್ಕು ಮಕ್ಕಳಾದ ಮೇಲೆ ಸಾಕೆಂಬ ಮನಸ್ಸು ಹಳ್ಳಿಯ ತಾಯಂದಿರಲ್ಲಿ ಅಪರೂಪವಲ್ಲವೆಂದು ಕಂಡುಬಂದಿತು. ಅಷ್ಟಪುತ್ರವತಿಯಾಗೆಂಬ ಹರಕೆಗೆ ತಲೆಬಾಗಿದವರ ಅಂತರಂಗವನ್ನು ಅದುವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೆ. ಆದರೆ ಇಷ್ಟಪಟ್ಟವರಲ್ಲಿ ಆ ಕ್ರಮವನ್ನು ಬಿಡದೆ ನಡೆಸಿದವರು ಅತಿ ಸ್ವಲ್ಪ. ಏಕೆಂಬುದನ್ನು ಊಹಿಸಲು ಪಾಂಡಿತ್ಯ ಬೇಕಿಲ್ಲ. ಒಂದೇ ಅಂಕಣದ ಮನೆ; ಅತ್ತೆ, ಓರಗಿತ್ತಿ, ನಾದಿನಿ, ಮಕ್ಕಳು; ಆ ಸರವನ್ನು ಕೊರಳಿಗೆ ಹಾಕಿಕೊಂಡರೆ ಮನೆಯ ಗುಟ್ಟು ಬೀದಿಗೆ ಬಿದ್ದಂತೆ, ಗೂಡಿನಲ್ಲಿಟ್ಟರೆ ಮಗುವಿನ ಕೈಗೆ ಆಟದ ಸಾಮಾನಾದಂತೆ. ಬೆಳಗಿನ ಜಾವದಲ್ಲಿ ಹುಳುವಿಗೆ ಸೊಪ್ಪು ಹಾಕುವ ಅವಸರದಲ್ಲಿ ಒಂದು ದಿನ ಮಣಿ ಸರಿಸುವುದು ಮರೆತರೆ ತಿಂಗಳ ಲೆಕ್ಕವೆಲ್ಲ ತಪ್ಪಿತು. ಇವೆಲ್ಲವೂ ನೆಟ್ಟಗಾದರೂ, ಎಚ್ಚರಿಕೆಯ ಮಣಿ ಬಂದ ರಾತ್ರಿ ಗಂಡ ಆ ಮಣಿಯ ಮಾತನ್ನು ಕೇಳಬೇಕಲ್ಲ! ಮಣಿಸರ ಆಕೆಯ ಕೈಯಲ್ಲಿತ್ತು; ತೀರ್ಮಾನ ಆಕೆಯ ಕೈಯಲ್ಲಿರಲಿಲ್ಲ.

ಆ ಪ್ರಯೋಗ ಮುಗಿದ ಕಾಲು ಶತಮಾನದೊಳಗೆ ದೇಶ ಇನ್ನೊಂದು ತುದಿಗೆ ಓಡಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷ, ಸುಮಾರು 82 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಬಹುಪಾಲು ಗಂಡಸರ ಮೇಲೆ, ಅನೇಕ ಕಡೆ ಬಲಾತ್ಕಾರದಿಂದ. ಹುಟ್ಟದವರ ಸುಖಕ್ಕಾಗಿ ಹುಟ್ಟಿದವರನ್ನು ಅವಮಾನಿಸುವುದು ತಪ್ಪಲ್ಲವೆಂದು ಅಧಿಕಾರ ಬಗೆದಾಗ ಏನಾಗುವುದೆಂಬುದನ್ನು ಆ ವರ್ಷ ತೋರಿಸಿತು. ಇತ್ತ ತತ್ತ್ವಜ್ಞರ ಲೋಕದಲ್ಲಿ, 1984ರಲ್ಲಿ, ಆಕ್ಸ್‌ಫರ್ಡಿನ ಡೆರೆಕ್ ಪಾರ್ಫಿಟ್ ಸಿಜ್ವಿಕನ ಹಳೆಯ ಗಂಟನ್ನು ಮತ್ತೆ ಬಿಚ್ಚಿದನು. ಒಟ್ಟು ಸುಖವೇ ಮುಖ್ಯವಾದರೆ, ಉಂಡುಟ್ಟು ನಲಿಯುವ ಸಾವಿರ ಮನೆಗಳ ಊರಿಗಿಂತ, ದಿನಕ್ಕೊಂದು ಗುಟುಕು ಅಂಬಲಿಯ ಸುಖವಷ್ಟೇ ಇರುವ ಅಸಂಖ್ಯ ಮನೆಗಳ ಊರು ಮೇಲೆಂದು ಒಪ್ಪಬೇಕಾಗುತ್ತದೆ. ಈ ನಿರ್ಣಯ ಮನಸ್ಸಿಗೆ ಹೇಸಿಕೆಯೆಂದು ಅವನೇ ಹೇಳಿದನು. ಅದನ್ನು ತಪ್ಪಿಸುವ ತೃಪ್ತಿಕರವಾದ ಸಿದ್ಧಾಂತ ಮಾತ್ರ 2017ರಲ್ಲಿ ಸಾಯುವವರೆಗೂ ಅವನ ಕೈಗೆ ಪೂರ್ತಿಯಾಗಿ ಸಿಕ್ಕಲಿಲ್ಲ. ಲೋಕೋಪಕಾರವನ್ನೇ ಬದುಕಾಗಿಸಿಕೊಂಡ ಇಂದಿನ ತರುಣ ಚಿಂತಕರೂ, ಈಗಿರುವವರ ಹಸಿವು ಮೊದಲೋ, ಸಾವಿರ ವರ್ಷಗಳಾಚೆ ಹುಟ್ಟಲಿರುವವರ ಕ್ಷೇಮ ಮೊದಲೋ ಎಂದು ಇದೇ ಗಂಟಿನ ಸುತ್ತ ಎರಡಾಗಿದ್ದಾರೆ.

ಈಗ ನಮ್ಮ ನಾಡಿನಲ್ಲಿ ಗಾಳಿ ತಿರುಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಂಗಸೊಬ್ಬಳಿಗೆ ಸರಾಸರಿ 1.7 ಮಕ್ಕಳು, ಆರತಿಗೊಬ್ಬಳು ಕೀರ್ತಿಗೊಬ್ಬ ಎಂಬ ಮಾತಿಗಿಂತಲೂ ಕಡಿಮೆ. ಇಷ್ಟಾದದ್ದು ಮುಖ್ಯವಾಗಿ ಬಲಾತ್ಕಾರದಿಂದಲ್ಲ. ಹೆಣ್ಣುಮಕ್ಕಳು ಶಾಲೆಗೆ ಹೋದದ್ದರಿಂದ, ಹುಟ್ಟಿದ ಮಗು ಬದುಕುವುದೆಂಬ ಧೈರ್ಯ ಬಂದದ್ದರಿಂದ, ಮದುವೆಯ ವಯಸ್ಸು ಏರಿದ್ದರಿಂದ. ಈಗ ದಕ್ಷಿಣದ ನೆರೆರಾಜ್ಯಗಳ ನಾಯಕರು, ಪಾರ್ಲಿಮೆಂಟಿನ ಸ್ಥಾನಗಳ ಚಿಂತೆಯಿಂದಲೂ ಮುದುಕರೇ ಹೆಚ್ಚಾಗುವರೆಂಬ ಚಿಂತೆಯಿಂದಲೂ, ಹೆಚ್ಚು ಹೆರಬೇಕೆಂದು ಹೇಳತೊಡಗಿದ್ದಾರೆ. ಅಂದು ಕಡಿಮೆ ಹೆರು ಎಂದವರೂ ಇಂದು ಹೆಚ್ಚು ಹೆರು ಎನ್ನುವವರೂ ನಾಡಿನ ಹಿತವನ್ನೇ ಬಯಸಿದವರೆಂದು ಒಪ್ಪೋಣ. ಇಬ್ಬರ ವಾಕ್ಯದಲ್ಲಿಯೂ ಕ್ರಿಯಾಪದ ಆಜ್ಞಾರ್ಥಕವಾಗಿರುವುದನ್ನೂ ಗಮನಿಸೋಣ.

ರಾಮನಗರದ ಆ ಪ್ರಯೋಗವನ್ನು ಕುರಿತು ಒಂದು ಕಥೆ ಪ್ರಚಾರದಲ್ಲಿದೆ: ಮಣಿಗಳನ್ನು ಸರಿಸಿದರೇ ಸಾಕು, ಗರ್ಭ ನಿಲ್ಲುವುದಿಲ್ಲವೆಂದು ಕೆಲವು ಹೆಂಗಸರು ನಂಬಿದ್ದರಂತೆ. ಹಳ್ಳಿಗರ ಅಜ್ಞಾನಕ್ಕೆ ಉದಾಹರಣೆಯಾಗಿ ಇದನ್ನು ಹೇಳಿ ನಗುವುದು ವಾಡಿಕೆ. ನನಗೆ ಅದರಲ್ಲಿ ನಗುವಂಥದೇನೂ ಕಾಣುವುದಿಲ್ಲ. ಮಕ್ಕಳೆಲ್ಲ ಮಲಗಿದ ಮೇಲೆ, ಬುಡ್ಡಿದೀಪದ ಬೆಳಕಿನಲ್ಲಿ, ಸೊಪ್ಪಿನ ಕರೆ ಹತ್ತಿದ ಬೆರಳುಗಳಿಂದ ಒಂದೊಂದೇ ಮಣಿಯನ್ನು ಸರಿಸುತ್ತಿದ್ದ ಆ ತಾಯಿಗೆ ಕೊಂಡೋರ್ಸೆಯ ಹೆಸರು ಗೊತ್ತಿರಲಿಲ್ಲ, ಮಾಲ್ಥಸನ ಲೆಕ್ಕ ಗೊತ್ತಿರಲಿಲ್ಲ. ಇನ್ನು ಸಾಕು, ಇರುವ ಮಕ್ಕಳು ಚೆನ್ನಾಗಿರಲಿ ಎಂಬುದೊಂದು ಗೊತ್ತಿತ್ತು. ನೂರೈವತ್ತು ವರ್ಷಗಳ ವಾದದ ಸಾರಸರ್ವಸ್ವ ಆ ಎರಡು ಮಾತುಗಳಲ್ಲಿದೆ. ಅವನ್ನು ಆಡಲು ಆಕೆಗೆ ಯಾರೂ ಮನೆಯಲ್ಲಿ ಎಡೆಕೊಡದಿದ್ದುದರಿಂದ, ಆಕೆ ಮಣಿಗಳಿಗೆ ಹೇಳಿಕೊಂಡಳು.